ನಮ್ಮ ಮರಳು ಹೊಳೆ

ಹೊಳೆಯೆಂದೊಡನೆ ಕನ್ನಡ ಓದುಗರ ಮನಸ್ಸಿನಲ್ಲಿ ಕಾವೇರಿಯೋ ತುಂಗಭದ್ರೆಯೋ ಶರಾವತಿಯೋ ಸುಳಿಯುವುದು ಸಹಜ. ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವವರೂ ಹೊಳೆಗೆ ನೀಲಿ ಬಣ್ಣವನ್ನೇ ಬಳಿಯುತ್ತಾರೆ. ನಾನು ಹುಟ್ಟಿ ಬೆಳೆದ ಊರಿನ ಹೊಳೆಗೆ ಆ ಭಾಗ್ಯವಿರಲಿಲ್ಲ. ವರ್ಷದಲ್ಲಿ ಎರಡು ಮೂರು ತಿಂಗಳು ಕೆಂಪು ನೀರು ಹರಿದರೆ ಉಳಿದ ಕಾಲವೆಲ್ಲ ಅಲ್ಲಿ ಮರಳೇ. ಬಂಡಿಗಳು ಹೊಳೆಯನ್ನು ದಾಟುತ್ತಿರಲಿಲ್ಲ, ಹೊಳೆಯೊಳಗೇ ನಡೆಯುತ್ತಿದ್ದವು. ಹಾಗಿದ್ದರೂ ಅದನ್ನು ನಾವು ಹೊಳೆಯೆಂದೇ ಕರೆಯುತ್ತಿದ್ದೆವು. ಅದರ ಹೆಸರಿನಲ್ಲಿ ಕೈಮುಗಿಯುತ್ತಿದ್ದೆವು.

ಈ ಹೊಳೆಯ ಹೆಸರು ದಕ್ಷಿಣ ಪಿನಾಕಿನಿ. ಪಿನಾಕವೆಂದರೆ ಶಿವನ ಬಿಲ್ಲು. ಚಿಕ್ಕಬಳ್ಳಾಪುರದ ಕಡೆಯ ನಂದಿ ಬೆಟ್ಟಗಳ ಸಾಲಿನಲ್ಲಿ ಎರಡು ಪಿನಾಕಿನಿಗಳು ಹುಟ್ಟುತ್ತವೆ. ಒಂದು ಉತ್ತರಕ್ಕೆ ತಿರುಗಿ ಆಂಧ್ರದ ನೆಲ್ಲೂರಿನ ಕಡೆ ಸಮುದ್ರ ಸೇರುತ್ತದೆ. ಇನ್ನೊಂದು ದಕ್ಷಿಣಕ್ಕಿಳಿದು ಹೊಸಕೋಟೆ, ಮಾಲೂರುಗಳ ಸೀಮೆಯನ್ನು ಹಾದು, ಹೊಸೂರಿನ ಬಳಿ ತಮಿಳುನಾಡನ್ನು ಪ್ರವೇಶಿಸಿ, ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳಲ್ಲಿ ತಂಗಿ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಒಟ್ಟು ಹರಿವು 400 ಕಿಲೋಮೀಟರಿಗೂ ಮಿಕ್ಕಿದ್ದು. ನಾವು ಪಿನಾಕಿನಿ ಎನ್ನುವುದನ್ನು ನೆರೆಯ ತೆಲುಗರು ಪೆನ್ನೇರು ಎನ್ನುತ್ತಾರೆ. ತಮಿಳರು ತೆನ್‌ಪೆಣ್ಣೈ ಎನ್ನುತ್ತಾರೆ. ಹೊಸೂರಿನ ಸಂತೆಯಲ್ಲಿ ಈ ಮೂರು ಹೆಸರುಗಳನ್ನೂ ಒಂದೇ ಗಳಿಗೆಯಲ್ಲಿ ಕೇಳಬಹುದು.

ನಮ್ಮ ಹಳ್ಳಿ ಇರುವುದು ಬಾಗಲೂರಿನ ಕಡೆ, ಕರ್ನಾಟಕದ ಗಡಿಗೆ ಹೊಂದಿಕೊಂಡಂತೆ. ನನಗೆ ಏಳೆಂಟು ವರ್ಷವಿದ್ದಾಗ ನನ್ನ ಅಜ್ಜಿ ಬೇಸಿಗೆಯ ಬೆಳಗುಗಳಲ್ಲಿ ನನ್ನನ್ನು ಹೊಳೆಗೆ ಕರೆದೊಯ್ಯುತ್ತಿದ್ದಳು. ಆಕೆ ಮರಳಿನಲ್ಲಿ ಮೊಳಕಾಲೂರಿ ಕುಳಿತು, ತೆಂಗಿನ ಚಿಪ್ಪಿನಿಂದ ಒಂದು ಗುಂಡಿಯನ್ನು ತೋಡುವಳು. ಒಂದು ಮೊಳ ತೋಡುವಷ್ಟರಲ್ಲಿ ಮರಳು ಒದ್ದೆಯಾಗುವುದು. ಒಂದೂವರೆ ಮೊಳಕ್ಕೆ ನೀರು ಒಸರುವುದು. ಮೊದಲು ಬಂದ ಬಗ್ಗಡವನ್ನು ಮೊಗೆದು ಚೆಲ್ಲಿ, ಎರಡನೆಯದನ್ನೂ ಚೆಲ್ಲಿ, ಮೂರನೆಯ ಸಲ ತಿಳಿಯಾದ ನೀರನ್ನು ಚಿಪ್ಪಿನಲ್ಲಿ ತುಂಬಿ ನನಗೆ ಕುಡಿಸುವಳು. ಇದಕ್ಕೆ ಒರತೆಯೆಂದು ಹೆಸರು. ಆ ನೀರಿನ ತಂಪನ್ನೂ ಅದರಲ್ಲಿ ಸ್ವಲ್ಪವೇ ಇದ್ದ ಮರಳಿನ ರುಚಿಯನ್ನೂ ನಾನು ಇಂದಿಗೂ ಮರೆತಿಲ್ಲ. ಮನೆಗೆ ಹೊರಡುವಾಗ ಅಜ್ಜಿ ಆ ಗುಂಡಿಯನ್ನು ಮುಚ್ಚುತ್ತಿರಲಿಲ್ಲ. "ಬಿಸಿಲೇರಿದ ಮೇಲೆ ಕುಡಿಯುವವರು ಬರುತ್ತಾರೆ" ಎನ್ನುತ್ತಿದ್ದಳು. ಬರುವವರು ಯಾರೆಂದು ನಾನು ಮರುದಿನ ಗುಂಡಿಯ ಸುತ್ತಲಿನ ಹೆಜ್ಜೆಗಳನ್ನು ನೋಡಿ ಕಲಿತೆನು: ನರಿ, ಮುಂಗುಸಿ, ಉಡ, ಗೌಜಲಹಕ್ಕಿ.

ಉಪಾಧ್ಯಾಯನಾಗಿ ವಿಜ್ಞಾನದ ಪಾಠ ಹೇಳತೊಡಗಿದ ಮೇಲೆ ಅಜ್ಜಿಯ ಒರತೆಯ ಅರ್ಥವು ನನಗೆ ತಿಳಿಯಿತು. ಒಣಸೀಮೆಯ ಹೊಳೆಯು ತನ್ನ ನೀರನ್ನು ಬಿಸಿಲಿಗೆ ತೋರಿಸುವುದಿಲ್ಲ. ಮಳೆಗಾಲದಲ್ಲಿ ಹರಿದ ನೀರು ಮರಳಿನ ಕಣಗಳ ಸಂದುಗಳಲ್ಲಿ ಇಳಿದು ನಿಲ್ಲುತ್ತದೆ. ಮೇಲಿನ ಒಂದೆರಡು ಅಡಿ ಮರಳು ಒಣಗಿ ಹೊದಿಕೆಯಾಗುವುದರಿಂದ ಕೆಳಗಿನ ನೀರು ಆವಿಯಾಗದೆ ಉಳಿಯುತ್ತದೆ. ದಡದ ಬಾವಿಗಳಿಗೆ ಅದೇ ಊಟೆ. ದಡದ ಹೊಂಗೆ, ಹುಣಿಸೆ, ಹೊಳೆಮತ್ತಿಯ ಮರಗಳು ಕಡುಬೇಸಿಗೆಯಲ್ಲಿಯೂ ಹಸುರಾಗಿರುವುದು ಅದರಿಂದಲೇ. ಸುತ್ತ ಹತ್ತು ಮೈಲಿ ಕಾಡು ಎಲೆಯುದುರಿಸಿ ನಿಂತಾಗ ಈ ಹಸುರು ಪಟ್ಟಿಯೊಂದೇ ಪ್ರಾಣಿಪಕ್ಷಿಗಳಿಗೆ ನೆರಳು, ಹಣ್ಣು, ದಾರಿ. ಟಿಟ್ಟಿಭದ ಹಕ್ಕಿ ಗೂಡನ್ನೇ ಕಟ್ಟದೆ ಬರಿಯ ಮರಳು ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಆಮೆಗಳು ದಡದ ಮಣ್ಣನ್ನು ಕೆದಕಿ ಮೊಟ್ಟೆ ಹೂಳುತ್ತವೆ. ನೀರಿಲ್ಲದ ಹೊಳೆ ಸತ್ತ ಹೊಳೆಯೆಂದು ತಿಳಿಯುವುದು ತಪ್ಪು. ಆ ತಪ್ಪು ತಿಳಿವಳಿಕೆಯಿಂದಲೇ ಜನರು ಮರಳನ್ನು ಯಾರಿಗೂ ಬೇಡವಾದ ವಸ್ತುವೆಂದು ಲಾರಿಗಳಲ್ಲಿ ತುಂಬಿದರು. ಮರಳು ಹೋದ ಮೇಲೆ ಒರತೆಯೂ ಹೋಯಿತು; ಬಾವಿಗಳು ಒಂದೊಂದಾಗಿ ಬತ್ತಿದವು.

ಆಮೇಲೆ ನಡೆದದ್ದು ವಿಚಿತ್ರ. ನಾನು ತರಬೇತಿ ಮುಗಿಸಿ ಊರಿಗೆ ಬಂದು ನೋಡುತ್ತೇನೆ, ನಮ್ಮ ಮರಳು ಹೊಳೆಯಲ್ಲಿ ಏಪ್ರಿಲ್ ತಿಂಗಳಿನಲ್ಲಿಯೂ ನೀರು! ಮಳೆ ಬಾರದ ವರ್ಷವೂ ನೀರು! ಆದರೆ ಆ ನೀರು ಕಪ್ಪಗಿದ್ದಿತು. ಅದರಿಂದ ದುರ್ಗಂಧ ಹೊರಡುತ್ತಿದ್ದಿತು. ಎಲ್ಲಿ ಕಟ್ಟೆಯ ಮೇಲಿಂದ ಧುಮುಕುವುದೋ ಅಲ್ಲಿ ಆಳೆತ್ತರದ ಬಿಳಿಯ ನೊರೆ. ಗಾಳಿ ಬೀಸಿದರೆ ನೊರೆಯ ಮುದ್ದೆಗಳು ಹಾರಿ ಹೊಲಗಳ ಮೇಲೆ ಬೀಳುತ್ತಿದ್ದವು. ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ಕೆಳಗಿನ ಹೊಳೆಯೆಲ್ಲ ನೊರೆಯಿಂದ ಮುಚ್ಚಿಹೋಗಿ ರಸ್ತೆಯವರೆಗೂ ಬಂದ ಚಿತ್ರಗಳನ್ನು ವಾಚಕರು ಪತ್ರಿಕೆಗಳಲ್ಲಿ ಕಂಡಿರಬಹುದು.

ಈ ನೀರು ಎಲ್ಲಿಯದು? ಇದರ ಕಥೆಯು ಭೂಗೋಳದ ಯಾವ ಪಾಠದಲ್ಲಿಯೂ ಇಲ್ಲ. ಆದ್ದರಿಂದ ಇಲ್ಲಿ ಹೇಳಬೇಕಾಗಿದೆ. ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ. 1974ರಿಂದ ಆ ನಗರಕ್ಕೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳು ಏರಿಸುತ್ತಿವೆ. ಹಂತಹಂತವಾಗಿ ಹೆಚ್ಚಿದ ಈ ಯೋಜನೆಗೆ 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿತು. ಅದೊಂದೇ ದಿನಕ್ಕೆ 77.5 ಕೋಟಿ ಲೀಟರು ನೀರಿನದು. ಏರಿದ ನೀರು ಇಳಿಯಲೇ ಬೇಕು. ನಗರದ ಪಶ್ಚಿಮದ ಬಚ್ಚಲ ನೀರು ವೃಷಭಾವತಿಯಲ್ಲಿ ಹರಿದು ಅರ್ಕಾವತಿಯ ಮೂಲಕ ಪುನಃ ಕಾವೇರಿಯನ್ನೇ ಸೇರುತ್ತದೆ. ಪೂರ್ವ ಮತ್ತು ದಕ್ಷಿಣ ಭಾಗಗಳ ನೀರಾದರೋ ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಇಳಿದು, ಕೊನೆಗೆ ನಮ್ಮ ಪಿನಾಕಿನಿಗೆ ಸೇರುತ್ತದೆ. 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹೊತ್ತಿಕೊಂಡು ಉರಿದು ಲೋಕಪ್ರಸಿದ್ಧವಾದ ಬೆಳ್ಳಂದೂರು ಕೆರೆ ಇದೇ. ಎಂದರೆ ಕೊಡಗಿನಲ್ಲಿ ಬಿದ್ದ ಮಳೆಯು ಬೆಂಗಳೂರಿನ ಮನೆಗಳಲ್ಲಿ ಪಾತ್ರೆ ಬಟ್ಟೆಗಳನ್ನು ತೊಳೆದು ಹೊಸೂರಿನ ಮರಳು ಹೊಳೆಗೆ ಬರುತ್ತಿದೆ. ಕಾವೇರಿಗೂ ಪಿನಾಕಿನಿಗೂ ಪ್ರಕೃತಿಯು ಎಲ್ಲಿಯೂ ಸಂಗಮವನ್ನು ಇಟ್ಟಿರಲಿಲ್ಲ. ಮನುಷ್ಯನು ಬಚ್ಚಲಿನ ಮೂಲಕ ಆ ಸಂಗಮವನ್ನು ಮಾಡಿಸಿದ್ದಾನೆ.

ನೊರೆಯ ಕಾರಣವನ್ನು ಮಕ್ಕಳಿಗೂ ತಿಳಿಸಬಹುದು. ಸಾಬೂನಿನ ಒಂದೊಂದು ಅಣುವಿಗೂ ಎರಡು ತುದಿಗಳುಂಟು. ಒಂದು ನೀರನ್ನು ಹಿಡಿಯುತ್ತದೆ. ಇನ್ನೊಂದು ನೀರನ್ನು ಒಲ್ಲದೆ ಎಣ್ಣೆಯನ್ನೂ ಗಾಳಿಯನ್ನೂ ಹುಡುಕುತ್ತದೆ. ಶುದ್ಧಿಮಾಡದ ಬಚ್ಚಲ ನೀರು ಎತ್ತರದಿಂದ ಬಿದ್ದು ಗಾಳಿಯೊಡನೆ ಕಡೆದಾಗ ಈ ಅಣುಗಳು ಗಾಳಿಯ ಗುಳ್ಳೆಗಳನ್ನು ಸುತ್ತುಗಟ್ಟಿ ಒಡೆಯದಂತೆ ಹಿಡಿಯುತ್ತವೆ. ನೊರೆಗಿಂತಲೂ ಕೇಡು ಮಾಡುವುದು ಕಣ್ಣಿಗೆ ಕಾಣದು. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಆಗ ಮೀನುಗಳು ಮೇಲೆ ಬಂದು ಬಾಯಿ ಬಿಟ್ಟು, ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತವೆ.

ಇಷ್ಟು ತಿಳಿದಿದ್ದ ನಾನೇ ಒಂದು ತಪ್ಪು ಮಾಡಿದೆನು. ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ಮಧ್ಯಾಹ್ನ, ಐದನೆಯ ತರಗತಿಯ ಮಕ್ಕಳನ್ನು ಹೊರಸಂಚಾರಕ್ಕೆಂದು ಊರ ಕೆಳಗಿನ ಸಣ್ಣ ಕಟ್ಟೆಯ ಬಳಿಗೆ ಕರೆದೊಯ್ದೆನು. ನೊರೆಯನ್ನು ದೂರದಿಂದ ತೋರಿಸಿ ಪಾಠ ಹೇಳುವುದು ನನ್ನ ಉದ್ದೇಶವಾಗಿದ್ದಿತು. ಮಕ್ಕಳು ಕಂಡದ್ದು ಪಾಠವನ್ನಲ್ಲ, "ಹಿಮಾಲಯ! ಹಿಮಾಲಯ!" ಎಂದು ಕೂಗುತ್ತಾ ಅವರು ಓಡಿದರು. ನೊರೆಯ ಉಂಡೆಗಳನ್ನು ಒಬ್ಬರ ಮೇಲೊಬ್ಬರು ಎಸೆದರು. ತಲೆಗೆ ಮೆತ್ತಿಕೊಂಡು ಮುದುಕರಾದರು. ನಾನು ಕೂಗಿ ತಡೆಯಬೇಕಾಗಿದ್ದಿತು. ಆದರೆ ಅವರ ನಗುವನ್ನು ಕಂಡು ನನಗೂ ನಗು ಬಂದಿತು. ಐದು ನಿಮಿಷ ಸುಮ್ಮನಿದ್ದೆನು. ಆ ಐದು ನಿಮಿಷದ ಫಲವಾಗಿ ನಾಲ್ವರು ಮಕ್ಕಳ ಕೈಕಾಲುಗಳಲ್ಲಿ ಗಂಧೆಗಳೆದ್ದವು. ಒಬ್ಬ ಹುಡುಗಿಯ ಕಣ್ಣು ಒಂದು ವಾರ ಕೆಂಪಾಗಿದ್ದಿತು. ಆಕೆಯ ತಾಯಿ ಶಾಲೆಯ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ. "ನೀವು ಓದಿದವರು, ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆವು ಸ್ವಾಮಿ" ಎಂದಷ್ಟೇ ಹೇಳಿ ಹೋದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿದ್ದಿತು.

ಆ ವರ್ಷವೇ ನಮ್ಮ ಬಂಧುಗಳ ಮನೆಯಲ್ಲಿ ಮದುವೆ ನಡೆಯಿತು. ನಮ್ಮ ಕಡೆ ಮದುವೆಗೆ ಮೊದಲು ಹೆಂಗಸರು ಹೊಳೆಗೆ ಹೋಗಿ, ಕಳಶದಲ್ಲಿ ನೀರು ತುಂಬಿ, ಅರಿಸಿನ ಕುಂಕುಮಗಳಿಂದ ಪೂಜಿಸಿ ಮನೆಗೆ ಗಂಗೆಯನ್ನು ತರುವ ಶಾಸ್ತ್ರವುಂಟು. ಒಣ ವರ್ಷಗಳಲ್ಲಿಯೂ ಒರತೆ ತೋಡಿ ಗಂಗೆಯನ್ನು ತಂದ ಜನ ನಮ್ಮವರು. ಈ ಸಲ ಹೊಳೆಯಲ್ಲಿ ಎದೆಯುದ್ದ ನೀರಿದ್ದರೂ ಹೆಂಗಸರು ಅತ್ತ ಹೋಗಲಿಲ್ಲ. ವಾದ್ಯದವರೊಡನೆ ಕೊಳವೆಬಾವಿಯ ನಲ್ಲಿಯ ಬಳಿಗೆ ಹೋದರು. ನಡುಬಗ್ಗಿದ ನನ್ನ ಅಜ್ಜಿ ಜಗಲಿಯ ಮೇಲೆ ಕುಳಿತು ಅದನ್ನು ನೋಡಿದಳು. "ಬತ್ತಿದ ಕಾಲದಲ್ಲೂ ಆಕೆ ಬರುತ್ತಿದ್ದಳು" ಎಂದಳು. ಅನಂತರ ಆಕೆ ಹೊಳೆಯ ಮಾತನ್ನು ಆಡಿದ್ದು ನನಗೆ ನೆನಪಿಲ್ಲ.

ಗಡಿನಾಡಿನ ಕನ್ನಡಿಗನಿಗೆ ಇದರಲ್ಲಿ ಇನ್ನೊಂದು ಕಷ್ಟವೂ ಉಂಟು. ತರಬೇತಿ ಶಿಬಿರಗಳಲ್ಲಿ ತಮಿಳು ಮತ್ತು ತೆಲುಗು ಶಾಲೆಗಳ ಸ್ನೇಹಿತರು ಸೇರುತ್ತಾರೆ. ಹೊಳೆಯ ಮಾತು ಬಂದಾಗ ಒಬ್ಬರು ನನ್ನ ಕಡೆ ತಿರುಗಿ, ನಗುತ್ತಲೇ, "ನಿಮ್ಮವರು ಕಳುಹಿಸಿದ ನೊರೆ" ಎಂದರು. ನಾನು ಏನು ಉತ್ತರ ಹೇಳಲಿ? ನಾನು ಇದೇ ರಾಜ್ಯದ ಪ್ರಜೆ. ನನ್ನ ಹೊಲವೂ ಇದೇ ಹೊಳೆಯ ದಡದಲ್ಲಿದೆ. ಆದರೂ ಕನ್ನಡವು ನನ್ನ ನುಡಿಯಾದ್ದರಿಂದ ಆ ಕೊಳೆಗೆ ನಾನೇ ಜವಾಬುದಾರನೆಂಬಂತೆ ತಲೆ ತಗ್ಗಿಸಿದೆನು. ಮೊದಲು ಕೋಪ ಬಂದಿತು. ಮನೆಗೆ ಬಂದು ಯೋಚಿಸಿದಾಗ ಆ ಮಾತಿನಲ್ಲಿ ಸತ್ಯದ ಅಂಶವಿದ್ದದ್ದು ಕಾಣಿಸಿತು. ನನ್ನ ತಂಗಿಯ ಸಂಸಾರವು ವರ್ತೂರು ಕೆರೆಗೆ ಅನತಿದೂರದಲ್ಲಿದೆ. ಪ್ರತಿ ಬೇಸಿಗೆಯ ರಜೆಯಲ್ಲಿಯೂ ನಾನು ಅಲ್ಲಿ ಹತ್ತು ದಿನ ಇರುತ್ತೇನೆ. ಯಂತ್ರದಲ್ಲಿ ಬಟ್ಟೆ ಒಗೆಯುವುದು ಸೊಗಸೆಂದು ನನ್ನ ಬಟ್ಟೆಗಳ ಗಂಟನ್ನೂ ಒಯ್ಯುತ್ತೇನೆ. ರಜೆ ಮುಗಿಸಿ ಬಸ್ಸಿನಲ್ಲಿ ನಾನು ಊರು ಸೇರುವ ಹೊತ್ತಿಗೆ ನನ್ನ ಸಾಬೂನಿನ ನೀರೂ ನನ್ನ ಹಿಂದೆಯೇ ಊರಿಗೆ ಹೊರಟಿರುತ್ತದೆ. ಹೀಗಿರುವಾಗ "ನಿಮ್ಮವರು" ಯಾರು, "ನಮ್ಮವರು" ಯಾರು?

ಎರಡು ರಾಜ್ಯಗಳ ನಡುವೆ ಈ ಹೊಳೆಯ ವಿವಾದವು 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಮದರಾಸು ಮತ್ತು ಮೈಸೂರು ಸರ್ಕಾರಗಳು 1892ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಅಲ್ಲಿ ಮುಂದಿಡಲಾಯಿತು. ಆ ಹಳೆಯ ಒಪ್ಪಂದದ ಕಾಲದಲ್ಲಿ ಎಷ್ಟು ನೀರು ಎಂಬುದೇ ಪ್ರಶ್ನೆ. ಎಂಥ ನೀರು ಎಂದು ಕೇಳುವ ಅಗತ್ಯವು ಯಾರಿಗೂ ತೋರಿರಲಾರದು. ಹಗೆತನದಿಂದ ಯಾರೂ ಹೊಳೆಗೆ ವಿಷ ಬೆರೆಸಲಿಲ್ಲ. ಲಕ್ಷಾಂತರ ಮಂದಿ ಒಳ್ಳೆಯ ಗೃಹಸ್ಥರು ಬೆಳಗ್ಗೆ ಎದ್ದು ಸ್ನಾನಮಾಡಿದರು, ಅಷ್ಟೆ. ಅದನ್ನು ಶುದ್ಧಿಮಾಡಿ ಬಿಡಬೇಕಾದ ವ್ಯವಸ್ಥೆಯು ನಗರದ ಬೆಳವಣಿಗೆಯ ಹಿಂದೆ ಕುಂಟುತ್ತಾ ಬಂದಿತು.

ಹಾಗಾದರೆ ಆ ನೀರೇ ಬೇಡವೆನ್ನೋಣವೇ? ನಾನೂ ಒಮ್ಮೆ ತರಗತಿಯಲ್ಲಿ ಹಾಗೆಂದು ಉಪದೇಶ ಮಾಡಿದೆನು. ಹಿಂದಿನ ಸಾಲಿನ ಒಬ್ಬ ಹುಡುಗನು ಎದ್ದು, "ಆ ನೀರು ನಿಂತರೆ ನಮ್ಮಪ್ಪ ಕೋಸು ಬೆಳೆಯುವುದು ಹೇಗೆ, ಸಾರ್?" ಎಂದನು. ಹೊಸೂರಿನ ಸುತ್ತಿನ ತರಕಾರಿ, ಹೂವುಗಳ ಹೆಸರು ಎಲ್ಲರಿಗೂ ತಿಳಿದದ್ದೇ. ಕೊಳವೆಬಾವಿಗಳು ಬತ್ತಿದ ಮೇಲೆ ಹೊಳೆಯ ದಡದ ಎಷ್ಟೋ ರೈತರಿಗೆ ಈ ಕಪ್ಪು ನೀರೇ ಅನ್ನ. ಆ ಹುಡುಗನ ತಂದೆಗೆ ಅದರಲ್ಲಿ ನಿಂತು ಕಾಲು ತುರಿಸುತ್ತದೆ. ನೀರಿಲ್ಲದಿದ್ದರೆ ಕೂಲಿಗೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕುತ್ತಾ ಹೋದಾಗ ನನಗೆ ಲೋಕದ ಇನ್ನೊಂದು ಮೂಲೆಯ ಸಮಾಚಾರವು ದೊರೆಯಿತು.

ಅಮೆರಿಕದ ಅರಿಜೋನಾ ಪ್ರಾಂತವು ನಿಜವಾದ ಮರುಭೂಮಿ. ಅಲ್ಲಿ ಸಾನ್ ಪೆದ್ರೊ ಎಂಬ ಸಣ್ಣ ಹೊಳೆಯುಂಟು. ಮರುಭೂಮಿಯ ನಡುವೆ ಹಸುರು ಗೆರೆಯಂತಿರುವ ಅದರ ದಡವು ವಲಸೆಯ ಹಕ್ಕಿಗಳಿಗೆ ಛತ್ರವೆಂದು ಮನಗಂಡು, 1988ರಲ್ಲಿ ಅದರ ಸುಮಾರು 40 ಮೈಲಿಯ ಭಾಗವನ್ನು ಕಾನೂನಿನಿಂದ ರಕ್ಷಿಸಿದರು. ಅದರ ನೆರೆಯ ಸಾಂತಾಕ್ರೂಸ್ ಹೊಳೆಯ ಕಥೆಯು ನಮ್ಮ ಕಥೆಗೆ ಇನ್ನೂ ಹತ್ತಿರ. ಅದೂ ಗಡಿ ದಾಟುವ ಹೊಳೆ. ಅಂತರ್ಜಲವನ್ನು ಎತ್ತಿ ಎತ್ತಿ ಅದು ಒಣಗಿತು. ಬಳಿಕ ಪಟ್ಟಣಗಳ ಬಚ್ಚಲ ನೀರು ಅದರಲ್ಲಿ ಹರಿಯಿತು. ಗಡಿಯ ನೊಗಾಲೆಸ್ ಪಟ್ಟಣದ ನೀರಿನ ಶುದ್ಧೀಕರಣ ಸ್ಥಾವರವನ್ನು 2009ರಲ್ಲಿ ಉತ್ತಮಪಡಿಸಿದರು. 2015ರಲ್ಲಿ ಅಲ್ಲಿಂದ ಕೆಳಗಿನ ಹೊಳೆಯಲ್ಲಿ ಗೀಲಾ ಎಂಬ ಹೆಸರಿನ, ಅಳಿವಿನ ಅಂಚಿಗೆ ಬಂದಿದ್ದ, ಬೆರಳುದ್ದವೂ ಇಲ್ಲದ ಒಂದು ಮೀನು ಕಾಣಿಸಿಕೊಂಡಿತು. ನೀರು ಮನುಷ್ಯನು ಬಳಸಿ ಬಿಟ್ಟದ್ದೇ. ಅದನ್ನು ತೊಳೆದು ಬಿಟ್ಟದ್ದರಿಂದ ಮೀನು ಅದನ್ನು ಹೊಳೆಯೆಂದು ಒಪ್ಪಿಕೊಂಡಿತು. ನಮ್ಮ ಮೇಲ್ಭಾಗದ ಕೋಲಾರದ ಬರಡು ಕೆರೆಗಳಿಗೂ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಸಂಸ್ಕರಿಸಿ 2018ರಿಂದ ಹರಿಸಲಾಗುತ್ತಿದೆ. ಆ ಶುದ್ಧಿಯು ಸಾಲದೆಂಬ ವಾದವೂ ಅಂದಿನಿಂದ ಇದೆ. ಆದ್ದರಿಂದ ನೀರು ಬೇಕೇ ಬೇಡವೇ ಎಂಬುದು ಸರಿಯಾದ ಪ್ರಶ್ನೆಯಲ್ಲ. ಎಷ್ಟು ಚೆನ್ನಾಗಿ ತೊಳೆದು ಬಿಡುತ್ತೀರಿ ಎಂಬುದು ಪ್ರಶ್ನೆ. ಕೋಸು ಬೆಳೆಯುವವನ ಮಗನಿಗೆ ನಾನು ಹೇಳಿದ ಉತ್ತರ ಇದೇ. ಅವನು ತಲೆಯಾಡಿಸಿದನು, ಒಪ್ಪಿದನೋ ಇಲ್ಲವೋ ತಿಳಿಯದು.

ಹೊಳೆಯನ್ನು ನಂಬಿದವರಲ್ಲಿ ಮತ ಹಾಕಲು ಬಾರದವರೂ ಇದ್ದಾರೆ. ಬನ್ನೇರುಘಟ್ಟದ ಕಾಡಿನಿಂದ ಆನೆಗಳ ಹಿಂಡುಗಳು ರಾಗಿಯ ಕೊಯ್ಲಿನ ಕಾಲಕ್ಕೆ ಜವಳಗಿರಿ, ತಳಿ, ದೇಂಕಣಿಕೋಟೆಗಳ ಕಾಡುಗಳನ್ನು ಹಾದು, ಹೊಸೂರಿಗೆ ಹತ್ತಿರದ ಸಾಣಮಾವು ಕಾಡಿಗೆ ಬಂದು, ಪಿನಾಕಿನಿಯ ಸೀಮೆಯಲ್ಲಿ ಬೀಡುಬಿಡುತ್ತವೆ. ಆನೆಯೊಂದಕ್ಕೆ ದಿನಕ್ಕೆ 100 ಲೀಟರಿಗೂ ಮಿಕ್ಕ ನೀರು ಬೇಕು. ಹೆದ್ದಾರಿ ಒಂದು ಕಡೆ, ಕಾರ್ಖಾನೆಗಳು ಒಂದು ಕಡೆ, ನಡುವೆ ರಾಗಿಯ ಹೊಲಗಳು. ತಳಿಯ ಕಡೆ ನಾನು ಎರಡು ವರ್ಷ ಕೆಲಸ ಮಾಡಿದಾಗ ಪ್ರಾಣಿದಯೆಯ ಪಾಠ ಹೇಳಿದ ಮರುದಿನವೇ ಒಬ್ಬ ವಿದ್ಯಾರ್ಥಿಯ ಮನೆಯ ರಾಗಿಯ ಮೆದೆಯನ್ನು ಆನೆಗಳು ಮುಗಿಸಿದ್ದವು. ಹುಡುಗನು ಶಾಲೆಗೆ ಬಂದನು; ಪುಸ್ತಕ ತೆರೆಯಲಿಲ್ಲ. ನಾನೂ ತೆರೆಯಿರಿ ಎನ್ನಲಿಲ್ಲ. ಒಂದು ವರ್ಷದ ಅನ್ನ ಹೋದವನಿಗೆ ದಯೆಯ ಪಾಠ ಹೇಳಲು ಸಂಬಳದವನಿಗೆ ನಾಲಗೆ ಹೇಗೆ ಬಂದೀತು?

ಆದರೂ ಹೇಳಲೇಬೇಕಾದ ಮಾತೊಂದಿದೆ. ಆನೆಯು ಹೊಲಕ್ಕೆ ಬರುವುದು ದುಷ್ಟತನದಿಂದಲ್ಲ. ಕಾಡಿನೊಳಗಿನ ಹಳ್ಳಗಳು ಬತ್ತಿದರೆ, ದಾರಿಗಳು ಮುಚ್ಚಿದರೆ, ಅದು ಹಸುರು ಮತ್ತು ನೀರು ಇದ್ದ ಕಡೆ ನಡೆಯುತ್ತದೆ. ಬೇಸಿಗೆಯಲ್ಲಿ ಒಣ ಹಳ್ಳದ ಮರಳನ್ನು ಕಾಲಿನಿಂದಲೂ ಸೊಂಡಿಲಿನಿಂದಲೂ ತೋಡಿ ಅದು ಒರತೆಯನ್ನು ಮಾಡುತ್ತದೆ. ಅದು ಕುಡಿದು ಹೋದ ಮೇಲೆ ಜಿಂಕೆಯೂ ಹಂದಿಯೂ ಹಕ್ಕಿಯೂ ಕುಡಿಯುತ್ತವೆ. ಇದನ್ನು ಓದಿದಾಗ ನನಗೆ ಅಜ್ಜಿಯು ಮುಚ್ಚದೆ ಬಿಟ್ಟು ಬರುತ್ತಿದ್ದ ಗುಂಡಿಯ ನೆನಪಾಯಿತು.

ಸರ್ಕಾರವೂ ಕೈಕಟ್ಟಿ ಕುಳಿತಿಲ್ಲವೆಂದು ಹೇಳುವುದು ನ್ಯಾಯ. ನಮ್ಮ ಸೀಮೆಯ ದಕ್ಷಿಣದಲ್ಲಿ ಹರಿಯುವ ಕಾವೇರಿಯ ಈಚೆಯ ದಡದಲ್ಲಿ 2014ರಲ್ಲಿ ಸುಮಾರು 504 ಚದರ ಕಿಲೋಮೀಟರಿನ ಕಾವೇರಿ ಉತ್ತರ ವನ್ಯಧಾಮವನ್ನೂ, 2022ರ ನವೆಂಬರಿನಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಧಾಮವನ್ನೂ ತಮಿಳುನಾಡು ಸರ್ಕಾರವು ಘೋಷಿಸಿತು. ಆಚೆಯ ದಡದಲ್ಲಿ ಕರ್ನಾಟಕದ ಕಾವೇರಿ ವನ್ಯಧಾಮವು 1987ರಿಂದ ಇದೆ. ಮೇಲೆ ಬನ್ನೇರುಘಟ್ಟ, ಕೆಳಗೆ ಮಲೆ ಮಹದೇಶ್ವರ ಬೆಟ್ಟ. ಹೀಗೆ ಎರಡು ರಾಜ್ಯಗಳ ಕಾಡುಗಳು ಒಂದಕ್ಕೊಂದು ಕೈಗೂಡಿಸಿವೆ. ಅಲ್ಲಿನ ಹೊಳೆಮತ್ತಿಯ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುತ್ತದೆ. ನೀರಿನಲ್ಲಿ ನೀರುನಾಯಿ, ಮೊಸಳೆಗಳುಂಟು. ಭಾರತದ ಪರ್ಯಾಯ ದ್ವೀಪದ ಹೊಳೆಗಳಲ್ಲಲ್ಲದೆ ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲದ, ಲೀತನ ಹೆಸರಿನ ಮೃದುಚಿಪ್ಪಿನ ಆಮೆಯೂ ಅಲ್ಲಿ ಉಳಿದಿದೆ.

ಆ ಘೋಷಣೆಯ ವರದಿಯನ್ನು ಓದುವಾಗ ಒಂದು ಹೆಸರು ನನ್ನ ಕಣ್ಣನ್ನು ಹಿಡಿಯಿತು. ರಕ್ಷಿಸಬೇಕಾದ ಆನೆದಾರಿಗಳಲ್ಲಿ ಒಂದರ ತುದಿಗೆ ಆನೆಬಿದ್ದಹಳ್ಳ ಎಂದಿದ್ದಿತು. ತಮಿಳುನಾಡಿನ ಕಾಡು, ಆದರೆ ಹೆಸರು ಅಚ್ಚ ಕನ್ನಡ! ಎಂದೋ ಒಂದು ಕಾಲದಲ್ಲಿ ಅಲ್ಲೊಂದು ಆನೆ ಬಿದ್ದಿತು. ಅದನ್ನು ಕಂಡವರು ಕನ್ನಡದಲ್ಲಿ ಮರುಗಿ ಆ ಹಳ್ಳಕ್ಕೆ ಹೆಸರಿಟ್ಟರು. ಹೊಗೆನಕಲ್ಲು ಎಂಬುದೂ ಹಾಗೆಯೇ. ನೀರ ತುಂತುರು ಹೊಗೆಯಂತೆ ಏಳುವ ಕಲ್ಲನ್ನು ಕಂಡವರು ಇಟ್ಟ ಹೆಸರು. ಅಂಚೆಟ್ಟಿಯ ಹಳ್ಳವು ದೊಡ್ಡಹಳ್ಳ. ನಮ್ಮ ಮಕ್ಕಳು ಈ ಹೆಸರುಗಳನ್ನು ಬಸ್ಸಿನ ಹಲಗೆಯ ಮೇಲೆ ಬೇರೆ ಲಿಪಿಯಲ್ಲಿ ಓದುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅರ್ಥವು ತಿಳಿಯದೆ ಹೋದ ದಿನ ಆ ಹಳ್ಳದಲ್ಲಿ ಆನೆ ಓಡಾಡುತ್ತಿದ್ದಿತೆಂಬ ಸಾಕ್ಷಿಯೂ ಹೋಗುತ್ತದೆ. ಗಡಿನಾಡಿನ ಕನ್ನಡ ಉಪಾಧ್ಯಾಯನಿಗೆ ಹೊಳೆಯ ವಿಚಾರದಲ್ಲಿ ಏನು ಕೆಲಸ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅಣೆಕಟ್ಟಿನ ಬಾಗಿಲು ನಮ್ಮ ಕೈಯಲ್ಲಿಲ್ಲ, ಶುದ್ಧೀಕರಣದ ಸ್ಥಾವರವೂ ನಮ್ಮ ಕೈಯಲ್ಲಿಲ್ಲ. ಹೆಸರುಗಳು ನಮ್ಮ ಕೈಯಲ್ಲಿವೆ.

ನಾನು ನನ್ನ ತಪ್ಪಿಗೆ ಒಂದು ಪ್ರಾಯಶ್ಚಿತ್ತವನ್ನು ಮಾಡಿಕೊಂಡಿದ್ದೇನೆ. ನಮ್ಮ ಶಾಲೆಯಲ್ಲಿ 'ಹೊಳೆಯ ದಿನಚರಿ' ಎಂಬ ಒಂದು ಪುಸ್ತಕವುಂಟು. ಪ್ರತಿ ಶನಿವಾರ ನಾಲ್ಕನೆಯ ಮತ್ತು ಐದನೆಯ ತರಗತಿಗಳ ಮಕ್ಕಳು ನನ್ನೊಡನೆ ಎತ್ತರದ ದಡಕ್ಕೆ ಬರುತ್ತಾರೆ. ನೀರಿಗೆ ಯಾರೂ ಇಳಿಯಕೂಡದು. ನೀರಿನ ಬಣ್ಣ, ವಾಸನೆ, ನೊರೆಯ ಎತ್ತರ, ಗಾಳಿಯ ದಿಕ್ಕು, ಕಂಡ ಹಕ್ಕಿಗಳು ಇವನ್ನು ಬರೆಯಬೇಕು. ಹಗ್ಗಕ್ಕೆ ಕಟ್ಟಿದ ಡಬ್ಬಿಯಿಂದ ನೀರನ್ನು ನಾನೇ ಮೊಗೆದು ಗಾಜಿನ ಸೀಸೆಯಲ್ಲಿ ತುಂಬುತ್ತೇನೆ. ಸೀಸೆಯ ಹಿಂದೆ ಅಚ್ಚಿನ ಅಕ್ಷರವಿರುವ ಹಾಳೆಯನ್ನು ಹಿಡಿದರೆ ಓದಲಾಗುವುದೇ ಎಂದು ಮಕ್ಕಳು ನೋಡುತ್ತಾರೆ. ಖರ್ಚು ಏನೂ ಇಲ್ಲ. ಬೇರೆ ಶಾಲೆಗಳವರೂ ಇದನ್ನು ಮಾಡಬಹುದು.

ಈ ದಿನಚರಿಯಿಂದ ನಾವು ಕಲಿತದ್ದು ಅಲ್ಪವಲ್ಲ. ಕೆಂಪು ನೀಳಗಾಲಿನ ಮೆಟ್ಟುಗಾಲು ಹಕ್ಕಿಯು ಕೊಳಕು ನೀರಿನಲ್ಲಿಯೂ ಹುಳು ಹೆಕ್ಕುತ್ತಾ ನೆಮ್ಮದಿಯಾಗಿರುತ್ತದೆ. ಅದು ನೂರು ಬಂದರೂ ಹೊಳೆಗೆ ಕ್ಷೇಮವೆಂದು ಹೇಳುವಂತಿಲ್ಲ. ಕಪ್ಪು ಬಿಳುಪಿನ ಮಿಂಚುಳ್ಳಿಯಾದರೋ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ನೀರೊಳಗಿನ ಮೀನನ್ನು ಕಣ್ಣಿನಿಂದ ಕಂಡು ಧುಮುಕುವ ಹಕ್ಕಿ. ನೀರು ತಿಳಿಯಾಗಿರದಿದ್ದರೆ ಅದಕ್ಕೆ ಊಟವಿಲ್ಲ. ಆದ್ದರಿಂದ ಅದೇ ನಮ್ಮ ಪರೀಕ್ಷಕ. ದಿನಚರಿಯ ಮೊದಲ ವರ್ಷದಲ್ಲಿ ಅದರ ಹೆಸರು ಒಂದು ಸಲವೂ ಇಲ್ಲ. ಎರಡನೆಯ ವರ್ಷ ಒಳ್ಳೆಯ ಮಳೆಯಾಗಿ ಹೊಳೆಯು ತೊಳೆದು ಹರಿದ ಎರಡು ವಾರಗಳಲ್ಲಿ ಮೂರು ಸಲ ಬರೆದಿದೆ. ಆಮೇಲೆ ಮತ್ತೆ ಇಲ್ಲ.

ಆ ಮೂರರಲ್ಲಿ ಒಂದನ್ನು ಬರೆದವನು ಕೋಸು ಬೆಳೆಯುವವನ ಮಗ. ಅವನ ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳಲ್ಲಿ ತಪ್ಪುಗಳಿವೆ. "ಈ ದಿನ ಮಿಂಚುಳ್ಳಿ ಬಂತು. ನಾಲ್ಕು ಸಲ ಮುಳುಗಿತು. ಒಂದು ಸಲ ಮೀನು ಸಿಕ್ಕಿತು. ಅಪ್ಪನಿಗೆ ಹೇಳಿದೆ. ಅಪ್ಪ ನೋಡಲು ಬಂದರು" ಎಂದು ಬರೆದಿದ್ದಾನೆ. ತಿದ್ದಲೆಂದು ಕೆಂಪು ಲೇಖನಿಯನ್ನು ಕೈಗೆತ್ತಿಕೊಂಡವನು ಹಾಗೆಯೇ ಕೆಳಗಿಟ್ಟೆನು.

ನಮ್ಮ ಕನ್ನಡ ಶಾಲೆಗಳ ಹಾಜರಿ ಪುಸ್ತಕಗಳು ವರ್ಷ ವರ್ಷಕ್ಕೂ ತೆಳ್ಳಗಾಗುತ್ತಿರುವುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಹೊಳೆಯ ದಿನಚರಿಯನ್ನು ನನ್ನ ಅನಂತರ ಯಾರು ಬರೆಸುವರೋ, ಯಾವ ಭಾಷೆಯಲ್ಲಿ ಬರೆಸುವರೋ ತಿಳಿಯದು. ಯಾವ ಭಾಷೆಯಲ್ಲಾದರೂ ಚಿಂತೆಯಿಲ್ಲ, ಬರೆಸಲಿ. ನನಗಿರುವ ಆಸೆ ಇಷ್ಟೇ: ಎಂದಾದರೂ ಒಂದು ಶನಿವಾರ, ಮಕ್ಕಳೊಡನೆ ದಡದಿಂದ ಕೆಳಗಿಳಿದು, ತೆಂಗಿನ ಚಿಪ್ಪಿನಿಂದ ಒಂದು ಮೊಳ ಮರಳನ್ನು ತೋಡಿ, ಮೊದಲ ನೀರನ್ನು ಚೆಲ್ಲಿ, ಎರಡನೆಯದನ್ನೂ ಚೆಲ್ಲಿ, ಮೂರನೆಯದನ್ನು ಅವರ ಕೈಗೆ ಕೊಡಬೇಕು. ಕುಡಿಯಿರಿ ಎಂದು ಹೇಳುವ ಧೈರ್ಯ ನನಗೆ ಆ ದಿನ ಇರಬೇಕು. ಆ ಗುಂಡಿಯನ್ನು ನಾವು ಮುಚ್ಚದೆ ಬಿಟ್ಟು ಬರುತ್ತೇವೆ.